ಪಕ್ಕದ ಸೀಟಿನ ಬ್ರೇಕ್

ಮಾರ್ಚ್ ೪, ಮಂಗಳವಾರ

ನಿನ್ನೆ ಎರಡನೇ ಕೀಮೋ ಡ್ರಿಪ್ ಆಯಿತು. ಔಷಧಿಯ ಬಣ್ಣ ಅಚ್ಚ ಕೆಂಪು, ಸಿಗ್ನಲ್ ದೀಪದ ಕೆಂಪು. ಅದು ಕೊಳವೆಯಲ್ಲಿ ಇಳಿಯುವಾಗ ನನಗೆ ಏನೂ ಆಗಲಿಲ್ಲ. ಆಗಿದ್ದೆಲ್ಲ ಮನೆಗೆ ಬರುವಾಗ, ಟ್ಯಾಕ್ಸಿಯಲ್ಲಿ. ಆ ಡ್ರೈವರ್ ಮಹಾಶಯ ಪ್ರತಿ ತಿರುವಿನಲ್ಲೂ ಮೊದಲು ತಿರುಗಿಸಿ ಆಮೇಲೆ ಬ್ರೇಕ್ ಹಾಕುತ್ತಿದ್ದ. ಅರ್ಧ ಆಯುಷ್ಯ ಡ್ರೈವಿಂಗ್ ಕಲಿಸಿದವಳು ಇದನ್ನು ಹೇಗೆ ಸಹಿಸಲಿ? ಹಿಂದಿನ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿದು ತುಳಿದು ಮೊಣಕಾಲು ನೋವು ಬಂತು. ಮೂರನೇ ತಿರುವಿಗೆ, ಬೆಳಗ್ಗೆ ಕಷ್ಟಪಟ್ಟು ತಿಂದಿದ್ದ ಬಾಳೆಹಣ್ಣು ವಾಪಸು ಬಂತು. ಇವರು ತಕ್ಷಣ ಪ್ಲಾಸ್ಟಿಕ್ ಚೀಲ ಹಿಡಿದರು. ಚೀಲ ಹಿಡಿಯುವುದರಲ್ಲಿ ನನ್ನ ಗಂಡನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ.

ಮನೆಗೆ ಬಂದು ಮಲಗಿದ ಮೇಲೆ ಹೇಳಿದೆ, "ನಿಮಗೆ ಗಾಡಿ ಓಡಿಸೋಕೆ ಬರ್ತಿದ್ರೆ ನನಗೆ ಈ ಪಾಡು ಇರ್ತಿತ್ತಾ?"

"ನೀನು ಕಲಿಸ್ಲಿಲ್ಲ."

"ನೀವು ಕಲೀಲಿಲ್ಲ."

ಇದು ಮದುವೆಯಾದ ವರ್ಷದ ಜಗಳ. ಎರಡನೇ ಪಾಠದ ದಿನ ನಾನು ಎರಡು ಮಾತು ಜೋರಾಗಿ ಆಡಿದ್ದಕ್ಕೆ ಇವರು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಡಿಕೇಟರ್ ಹಾಕಿ, ಇಳಿದು ಮನೆಗೆ ನಡೆದುಕೊಂಡು ಹೋಗಿದ್ದರು. ಆ ಸಿಟ್ಟಿನಲ್ಲೂ ಇಂಡಿಕೇಟರ್ ಮರೆತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ತಪ್ಪು ಯಾರದು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ನನ್ನ ಮಟ್ಟಿಗೆ ಅದು ಅಂದೇ ಮುಗಿದಿದೆ.

ಇವತ್ತು ಬಾಯಿ ತುಂಬ ಕಬ್ಬಿಣದ ರುಚಿ. ಸ್ಪಾನರ್ ಚೀಪಿದ ಹಾಗೆ. ಡ್ರಿಪ್ ವಾರ್ಡಿನ ದೊಡ್ಡ ನರ್ಸ್ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚದಲ್ಲಿ ತಿನ್ನಿ ಎಂದಿದ್ದಾರೆ. ಐವತ್ತೆರಡನೇ ವಯಸ್ಸಿನಲ್ಲಿ ಮಗುವಿನ ಗುಲಾಬಿ ಚಮಚದಲ್ಲಿ ಮೊಸರು ತಿಂದೆ. ಇಳಿಯಿತು.

ಇದನ್ನೆಲ್ಲ ಯಾರಿಗೆ ಹೇಳುವುದು? ಕಲಿಯಲು ಬರುವವರಿಗೆ ಹೇಳಿದರೆ ಮುಖ ಸಣ್ಣ ಮಾಡುತ್ತಾರೆ. ಇವರಿಗೆ ಹೇಳಿದರೆ ಚೀಲ ಹಿಡಿಯುತ್ತಾರೆ. ಹಾಗಾಗಿ ಇಲ್ಲಿ.

ಮಾರ್ಚ್ ೯, ಭಾನುವಾರ

ತೀರ್ಮಾನ ಮಾಡಿಬಿಟ್ಟೆ. ಈ ಮನುಷ್ಯನಿಗೆ ಡ್ರೈವಿಂಗ್ ಕಲಿಸಿಯೇ ಸೈ. ಕಲಿಯುವವರ ಪರವಾನಗಿಯನ್ನು ಹೋದ ತಿಂಗಳೇ ಇವರನ್ನು ಕರೆದೊಯ್ದು ಮಾಡಿಸಿಟ್ಟಿದ್ದೆ, ಕಲಿಸುವವಳು ನಾನೇ ಎಂದು ಹೇಳಿರಲಿಲ್ಲ. ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಹಳದಿಯನ್ನು ತೆಗೆದುಕೊಂಡು ಹೋದೆವು. ಹಳದಿ ಎಂದರೆ ನನ್ನ ಗಾಡಿ, ನನ್ನ ಸ್ಕೂಲು, ನನ್ನ ಆಸ್ತಿ. ಪಕ್ಕದ ಸೀಟಿನ ಕೆಳಗೆ ನನಗೊಂದು ಬೇರೆ ಬ್ರೇಕ್ ಇದೆ. ಅದನ್ನು ಒತ್ತಿದರೆ ಬಜರ್ ಕಿರ್ ಎನ್ನುತ್ತದೆ, ಗಾಡಿ ನಿಂತದ್ದು ತನ್ನಿಂದಲ್ಲ ಎಂದು ಕಲಿಯುವವರಿಗೆ ಗೊತ್ತಾಗಲಿ ಎಂದು. ಎಲ್ಲರೂ ನನ್ನನ್ನು ಬ್ರೇಕ್ ಮೇಡಂ ಎನ್ನುವುದು ಅದಕ್ಕೇ. ನನ್ನ ಸ್ಕೂಲಿನ ನಿಯಮ ಒಂದೇ: ಒಂದು ವಾರ ಕಿರ್ ಎನ್ನದೆ ಓಡಿಸಿದವರು ಪರೀಕ್ಷೆಗೆ ಹೋಗಬಹುದು.

"ಎಡಗಾಲು ಕ್ಲಚ್. ಮೆಲ್ಲಗೆ ಬಿಡಿ," ಎಂದೆ.

"ಎಷ್ಟು ಮೆಲ್ಲಗೆ?"

"ಮೆಲ್ಲಗೆ ಅಂದ್ರೆ ಮೆಲ್ಲಗೆ."

"ಅಂದಾಜಲ್ಲಿ ಹೇಳ್ಬೇಡ. ಮಿಲಿಮೀಟರಲ್ಲಿ ಹೇಳು."

ಇವರ ಕಸುಬೇ ಹಾಗೆ. ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ ಮಾಡುತ್ತಾರೆ. ಈ ಊರಿನ ವಯಸ್ಸಾದವರಲ್ಲಿ ಅರ್ಧ ಜನ ನಗುವುದು ಇವರ ದಯೆಯಿಂದ. ಒಂದು ಕೂದಲೆಳೆ ಹೆಚ್ಚಾದರೂ ದವಡೆಗೆ ಕೂರುವುದಿಲ್ಲವಂತೆ. ಹಾಗೆ ಅಳೆಯುತ್ತಾ ಕೂತರೆ ಕ್ಲಚ್ ಸುಮ್ಮನಿರುತ್ತದೆಯೇ? ಗಾಡಿ ಆಫ್ ಆಯಿತು. ಮತ್ತೆ ಆಫ್ ಆಯಿತು. ಪ್ರತಿ ಸಲವೂ ಇವರು "ಸಾರಿ" ಎಂದರು, ನನಗಲ್ಲ, ಗಾಡಿಗೆ. ಆಮೇಲೆ ಒಂದು ಸಲ ಹೊರಟಿತು ನೋಡಿ, ಸೀದಾ ಗೋಡೆಯ ಕಡೆಗೆ. ಒತ್ತಿದೆ. ಕಿರ್.

"ಕನ್ನಡಿ ನೋಡಿದ್ರಾ?"

"ನೋಡ್ದೆ."

ಎಲ್ಲರೂ ಹೀಗೇ ಹೇಳುತ್ತಾರೆ. ಸುಳ್ಳು ಹೇಳುವವರ ಕುತ್ತಿಗೆ ಅಲುಗಾಡಿರುವುದಿಲ್ಲ, ನನಗೆ ಪಕ್ಕದಿಂದಲೇ ಗೊತ್ತಾಗುತ್ತದೆ.

ಬಾಯಲ್ಲಿ ಹುಣ್ಣಾಗಿದೆ, ಹೆಚ್ಚು ಕೂಗಲು ಆಗಲಿಲ್ಲ. ಇವರು ಅರ್ಧ ಗಂಟೆ ಇಳಿದು ಹೋಗದೆ ಕೂತಿದ್ದಕ್ಕೆ ಅದೇ ಕಾರಣ ಇರಬೇಕು.

ಮಾರ್ಚ್ ೨೫, ಮಂಗಳವಾರ

ಈ ಸಲ ವಾಂತಿಯ ಮಾತ್ರೆಯನ್ನು ಡ್ರಿಪ್‌ಗೆ ಮೊದಲೇ ನುಂಗಿದೆ, ಮನೆಗೆ ಬಂದ ಮೇಲೂ ಹೊತ್ತಿಗೆ ಸರಿಯಾಗಿ. "ತೊಳಸೋಕೆ ಶುರುವಾದ ಮೇಲೆ ತಗೊಂಡ್ರೆ ಪ್ರಯೋಜನ ಇಲ್ಲ," ಎಂದು ದೊಡ್ಡ ನರ್ಸ್ ಎರಡು ಸಲ ಹೇಳಿದ್ದರು, ನಾನು ಕೇಳಿರಲಿಲ್ಲ. ತಿರುವಿಗೆ ಮೊದಲೇ ಬ್ರೇಕ್ ಹಾಕು ಎಂದು ಊರಿಗೆಲ್ಲ ಹೇಳುವವಳು ನಾನು. ಈಗ ಹೊಟ್ಟೆ ತಣ್ಣಗಿದೆ. ಒಟ್ಟಿಗೆ ತಿನ್ನುವುದನ್ನು ಬಿಟ್ಟು ಗುಬ್ಬಿಯ ಹಾಗೆ ಗಂಟೆಗೊಂದು ತುತ್ತು ತಿನ್ನುತ್ತೇನೆ. ಆ ಮಾತ್ರೆಯಿಂದ ಹಿಂಬಾಗಿಲು ಮಾತ್ರ ಬಂದ್ ಆಗಿದೆ. ಅದಕ್ಕೊಂದು ಪುಡಿ ಕೊಟ್ಟಿದ್ದಾರೆ. ಒಂದು ಔಷಧಿಗೆ ಇನ್ನೊಂದು ಕಾವಲು, ಅದಕ್ಕೆ ಮತ್ತೊಂದು.

ತಲೆ ಪೂರ್ತಿ ಬೋಳು. ವಿಗ್ ತಂದಿದ್ದೇನೆ, ಸೆಖೆಗೆ ತಡೆಯುವುದಿಲ್ಲ. ನಿನ್ನೆ ತೆಗೆದು ಹಳದಿಯ ಹಿಂದಿನ ಸೀಟಿಗೆ ಎಸೆದಿದ್ದೆ. ಬೆಳಗ್ಗೆ ಕಲಿಯಲು ಬಂದ ಅಂಚೆಯವಳು ಬಾಗಿಲು ತೆಗೆದವಳೇ ಮೂರು ಹೆಜ್ಜೆ ಹಿಂದೆ ಹಾರಿದಳು.

"ಮೇಡಂ, ಹಿಂದೆ ಏನೋ ಸತ್ತು ಬಿದ್ದಿದೆ."

"ಅದು ನನ್ನ ತಲೆ. ಹತ್ತು, ಸೀಟ್‌ಬೆಲ್ಟ್ ಹಾಕ್ಕೋ."

ನಕ್ಕು ನಕ್ಕು ಅವಳಿಗೆ ಗೇರ್ ಹಾಕಲು ಬರಲಿಲ್ಲ. ಅವಳಿಗೆ ಆಫೀಸಿನಿಂದ ವ್ಯಾನ್ ಕೊಡುತ್ತಾರಂತೆ, ಜುಲೈ ಒಳಗೆ ಲೈಸೆನ್ಸ್ ಆಗಬೇಕು. ಸೈಕಲ್ ತುಳಿದು ತುಳಿದು ಮಂಡಿ ಸವೆದಿದೆ ಎನ್ನುತ್ತಾಳೆ. ಒಳ್ಳೆಯ ಕೈ. ಕುತ್ತಿಗೆ ಅಲುಗಾಡುತ್ತದೆ.

ಇವರಿಗೆ ವಿಗ್ ವಿಷಯ ಹೇಳಿದರೆ, "ನನ್ನ ಗಿರಾಕಿಗಳೆಲ್ಲ ರಾತ್ರಿ ಹಲ್ಲು ತೆಗೆದಿಡ್ತಾರೆ, ನೀನು ಕೂದಲು ತೆಗೆದಿಡು, ಏನೀಗ," ಎಂದು ಕೆಲಸ ಮುಂದುವರಿಸಿದರು.

ಏಪ್ರಿಲ್ ೭, ಸೋಮವಾರ

ಆಸ್ಪತ್ರೆಯಿಂದ ಇವತ್ತು ಬಂದೆ. ಗುರುವಾರ ಮಧ್ಯಾಹ್ನ ಮೈ ನಡುಗಿತು. ಒಂದು ಮಾತ್ರೆ ನುಂಗಿ ಹೊದ್ದು ಮಲಗೋಣ ಎಂದಿದ್ದೆ. ಇವರು ಥರ್ಮಾಮೀಟರ್ ಹಿಡಿದು ಬಂದರು, ಮೂವತ್ತೆಂಟು ಡಿಗ್ರಿ ಸೆಲ್ಸಿಯಸ್ ದಾಟಿತ್ತು. "ಮೂವತ್ತೆಂಟು ದಾಟಿದ್ರೆ ಮಲಗೋ ಹಾಗಿಲ್ಲ, ಫೋನ್ ಮಾಡಿ ಹೊರಟು ಬರ್ಬೇಕು ಅಂದಿದ್ದಾರೆ," ಎಂದು ಆಗಲೇ ಚಪ್ಪಲಿ ಹಾಕಿಕೊಂಡಿದ್ದರು. ಟ್ಯಾಕ್ಸಿ ಸಿಗಲಿಲ್ಲ. ಇಬ್ಬರೂ ಹಳದಿಯ ಕಡೆ ನೋಡಿದೆವು.

ಇವರು ಆವರೆಗೆ ಗೋದಾಮಿನ ಜಾಗ ಮತ್ತು ನಮ್ಮ ಬೀದಿ ಬಿಟ್ಟು ಬೇರೆಲ್ಲೂ ಓಡಿಸಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಮೆರವಣಿಗೆಯ ವೇಗದಲ್ಲಿ ಹೋದೆವು. ಹಿಂದೆ ಇದ್ದವರೆಲ್ಲ ಹಾರ್ನ್ ಹೊಡೆದು ನಮ್ಮ ವಂಶವನ್ನೇ ಹೊಗಳಿದರು. ಇವರು ಯಾರಿಗೂ ಜವಾಬು ಕೊಡದೆ, ನಾಲಿಗೆ ಸ್ವಲ್ಪ ಹೊರಗೆ ಹಾಕಿಕೊಂಡು, ಹಲ್ಲು ಕೂರಿಸುವ ಗಮನದಲ್ಲಿ ಓಡಿಸಿದರು. ನಾನು ಚಳಿಗೆ ಗಡಗಡ ನಡುಗುತ್ತಿದ್ದರೂ ಬಲಗಾಲು ನನ್ನ ಬ್ರೇಕಿನ ಮೇಲೇ ಇತ್ತು. ದಾರಿಯಲ್ಲಿ ಏಳೆಂಟು ಸಲ ಕಿರ್ ಎನಿಸಿರಬೇಕು. ಆಸ್ಪತ್ರೆಯ ಗೇಟಿನಲ್ಲಿ ಇಂಡಿಕೇಟರ್ ಹಾಕಿದರು.

ಬಿಳಿ ರಕ್ತಕಣ ಕೆಳಗೆ ಇಳಿದಿತ್ತಂತೆ. ಮಲಗಿದ್ದರೆ ಎಡವಟ್ಟಾಗುತ್ತಿತ್ತು ಎಂದು ದೊಡ್ಡ ನರ್ಸ್ ಇವರ ಬೆನ್ನು ತಟ್ಟಿದರು. ಹೋಗಿ ಬರುವವರಿಗೆಲ್ಲ ಇವರು ಹೇಳಿದ್ದು ಮಾತ್ರ, "ನಾನೇ ಓಡಿಸ್ಕೊಂಡು ಬಂದೆ." ನನ್ನ ಜ್ವರದ ಸುದ್ದಿ ಎರಡನೆಯದು.

ಏಪ್ರಿಲ್ ೧೫, ಮಂಗಳವಾರ

ಕೆಂಪು ಔಷಧಿ ಮುಗಿಯಿತು. ಬಟನ್ ಹಾಕಲೂ ಸುಸ್ತು. ನಾಳೆ ಬರೆಯುತ್ತೇನೆ.

ಮೇ ೯, ಶುಕ್ರವಾರ

ಆ ನಾಳೆ ಬರಲೇ ಇಲ್ಲ. ಇರಲಿ.

ಎರಡನೇ ಔಷಧಿ ಶುರುವಾಗಿದೆ, ಒಟ್ಟು ನಾಲ್ಕು ಸಲ. ಇದಕ್ಕೆ ಬಣ್ಣವಿಲ್ಲ, ನೀರಿನ ಹಾಗಿದೆ. ವಾಂತಿ ಇಲ್ಲ. ಬ್ರೆಡ್ಡಿಗೆ ಬ್ರೆಡ್ಡಿನ ರುಚಿ ಬಂದಿದೆ, ಟೀಗೆ ಟೀ ರುಚಿ. ಎರಡು ದಿನ ಮೂಳೆಯೆಲ್ಲ ಹಿಂಡಿದ ಹಾಗೆ ನೋವಿತ್ತು. ದಿನಕ್ಕೆ ಸ್ವಲ್ಪ ನಡೆಯಿರಿ, ಸುಸ್ತು ಕಮ್ಮಿಯಾಗುತ್ತದೆ ಎಂದಿದ್ದಾರೆ. ಸುಸ್ತಾದವರಿಗೆ ನಡೆಯಿರಿ ಎನ್ನುವುದು ಯಾವ ನ್ಯಾಯ ಎಂದುಕೊಂಡೆ, ಆದರೆ ನಡೆದರೆ ನಿಜಕ್ಕೂ ಹಗುರಾಗುತ್ತದೆ.

ಕಾಲಿನ ಬೆರಳುಗಳು ಮಾತ್ರ ಜುಮ್ ಎನ್ನುತ್ತವೆ. ಬರಿಗಾಲಲ್ಲಿದ್ದರೂ ಸಾಕ್ಸ್ ಹಾಕಿಕೊಂಡ ಹಾಗೆ. ಖರ್ಚಿಲ್ಲದ ಸಾಕ್ಸ್.

ಇವರು ದೊಡ್ಡ ರಸ್ತೆಗೆ ಒಗ್ಗಿಕೊಂಡಿದ್ದಾರೆ. ಇನ್ನೂ ಕಿರ್ ತಪ್ಪಿಲ್ಲ.

ಮೇ ೨೬, ಸೋಮವಾರ

ಡ್ರಿಪ್ ಹಾಕುವ ಮೊದಲು ದೊಡ್ಡ ನರ್ಸ್ ಯಾವಾಗಲೂ ಕೇಳುವ ಪ್ರಶ್ನೆಗಳನ್ನು ಕೇಳಿದರು. ಊಟ? ನಿದ್ದೆ? ಬಾಯಿ?

"ಕೈಕಾಲು ಜುಮ್ ಅನ್ನತ್ತಾ? ಮರಗಟ್ಟಿದ ಹಾಗೆ ಏನಾದ್ರೂ?"

"ಇಲ್ಲ," ಎಂದೆ.

"ಗುಂಡಿ ಹಾಕೋದು, ನಡೆಯೋದು, ಎಲ್ಲ ಸರಿಯಾಗಿದ್ಯಾ?"

"ಎಲ್ಲ ಚೆನ್ನಾಗಿದೆ."

ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. ನಾನು ಕಿಟಕಿ ನೋಡಿದೆ.

ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಪಕ್ಕದ ಕುರ್ಚಿಯಲ್ಲಿ ಕೂರುವ ಹೆಂಗಸು ಹೋದ ಸಲವೇ ಹೇಳಿದ್ದಳು, "ಕಾಲು ಜೋಮು ಅಂತ ಬಾಯಿಬಿಟ್ಟೆ ನೋಡಿ, ಡೋಸ್ ಇಳಿಸಿಬಿಟ್ರು." ನನಗೆ ಪೂರ್ತಿ ಡೋಸ್ ಬೇಕು. ಎದೆಯಲ್ಲಿದ್ದ ಕ್ಯಾನ್ಸರ್ ಗಂಟನ್ನು ಮೊದಲೇ ಆಪರೇಷನ್ ಮಾಡಿ ತೆಗೆದಿದ್ದಾರೆ, ಅದರ ಬೀಜ ಎಲ್ಲಾದರೂ ಉಳಿದಿದ್ದರೆ ಅದೂ ಹೋಗಬೇಕು. ಅರ್ಧಂಬರ್ಧ ಮಾಡಿಸಿಕೊಳ್ಳಲು ಇಷ್ಟೆಲ್ಲ ಕಷ್ಟಪಟ್ಟೆನಾ? ಇನ್ನೊಂದು ವಿಷಯ ಇದೆ. ಕಾಲು ಸರಿಯಿಲ್ಲದವರು ಕಲಿಸುವ ಹಾಗಿಲ್ಲ. ಕೂದಲು ಹೋಯಿತು, ರುಚಿ ಹೋಯಿತು, ನಗುತ್ತಾ ಕಳಿಸಿಕೊಟ್ಟೆ. ಹಳದಿಯೂ ಹೋದರೆ ಬೆಳಗ್ಗೆ ಎದ್ದು ನಾನು ಏನಾಗಿ ಏಳಲಿ? ಭಯವಾಗುತ್ತದೆ. ಬರೆದದ್ದನ್ನು ಓದಿದರೆ ಇನ್ನೂ ಭಯವಾಗುತ್ತದೆ.

ಸಾಕ್ಸ್ ಈಗ ಹಿಮ್ಮಡಿಯವರೆಗೆ ಬಂದಿದೆ. ಹೋಗುತ್ತದೆ ಬಿಡು.

ಜೂನ್ ೬, ಶುಕ್ರವಾರ

ತಮಾಷೆ ಕೇಳು. ಅಂಗಡಿಯಿಂದ ಮನೆಗೆ ಬಂದು ಕೂತಿದ್ದೆ. ಹಿಂದೆಯೇ ಅಂಗಡಿಯವನು ನನ್ನ ಒಂದು ಚಪ್ಪಲಿ ಹಿಡಿದುಕೊಂಡು ಬಂದ. "ಮೇಡಂ, ಬಾಗಿಲಲ್ಲೇ ಬಿಟ್ಟು ಹೋದ್ರಿ." ನೋಡಿದರೆ ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದು ಬರಿಗಾಲು, ತುಂಬ ಧೂಳು. ಅಷ್ಟು ದೂರ ಹಾಗೇ ಬಂದಿದ್ದೇನೆ. ಚಪ್ಪಲಿ ಸಡಿಲವಾಗಿತ್ತು, ಅಷ್ಟೇ. ಪಟ್ಟಿ ಇರುವ ಶೂ ತೆಗೆದುಕೊಂಡೆ.

ಇವರು ಅಂಗಡಿಯವನ ಕೈಯಿಂದ ಚಪ್ಪಲಿ ತೆಗೆದುಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಹಳದಿಯ ಬಜರ್ ಈಚೆಗೆ ಮುನಿಸಿಕೊಂಡಿದೆ. ಒತ್ತಿದರೆ ಸದ್ದೇ ಇಲ್ಲ. ವೈರ್ ಕಳಚಿರಬೇಕು. ಮೆಕ್ಯಾನಿಕ್‌ಗೆ ತೋರಿಸಬೇಕು, ದಿನಾ ಮರೆತುಹೋಗುತ್ತದೆ.

ಇವರು ಮಾತ್ರ ತುಂಬ ಖುಷಿಯಾಗಿದ್ದಾರೆ. ಹಲ್ಲು ಉಜ್ಜಿ ಹೊಳಪು ಕೊಡುವಾಗ ಸಿಳ್ಳೆ ಹಾಕುತ್ತಾರೆ. ಏನು ವಿಶೇಷ ಎಂದರೆ, "ಏನಿಲ್ಲ," ಎಂದು ಮದುಮಗನ ಹಾಗೆ ನಗುತ್ತಾರೆ.

ಜೂನ್ ೧೧, ಬುಧವಾರ

ಮಾರುಕಟ್ಟೆ ರಸ್ತೆ. ಅಂಚೆಯವಳು ಓಡಿಸುತ್ತಿದ್ದಳು. ನಿಂತಿದ್ದ ವ್ಯಾನಿನ ಹಿಂದಿನಿಂದ ಒಬ್ಬ ಮುದುಕ ಕೈಗಾಡಿ ತಳ್ಳಿಕೊಂಡು ಅಡ್ಡ ಬಂದ. ನಾನು ಒತ್ತಿದೆ, ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಗಾಡಿ ನಿಂತಿತು. ಮುದುಕನ ಕೈಗಾಡಿಗೂ ನಮಗೂ ಒಂದು ಗೇಣು ಇತ್ತು. ಅವನು ನಮ್ಮನ್ನು ನೋಡಿ ತಲೆಯಾಡಿಸಿ ಹೋದ.

ಅಂಚೆಯವಳ ಮುಖ ಬಿಳುಚಿಕೊಂಡಿತ್ತು. "ಮೇಡಂ, ನೀವು ಒತ್ತದೇ ಇದ್ದಿದ್ರೆ ಅವ್ರು ಉಳೀತಿರ್ಲಿಲ್ಲ."

"ಅದಕ್ಕೇ ನಾನಿರೋದು," ಎಂದೆ.

ಮನೆಗೆ ಬಂದ ಮೇಲೆ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಅಷ್ಟು ಜೋರಾಗಿ ಒತ್ತಿದರೂ ಬಜರ್ ಕಿರ್ ಎನ್ನಲಿಲ್ಲ. ನಾಳೆ ಬೆಳಗ್ಗೆ ಮೊದಲ ಕೆಲಸ ಮೆಕ್ಯಾನಿಕ್.

ಜೂನ್ ೧೨, ಗುರುವಾರ

ಇದನ್ನು ಇವತ್ತೇ ಬರೆದಿಡಬೇಕು.

ಮೆಕ್ಯಾನಿಕ್ ಹಳೆಯ ಪರಿಚಯದವನು. ಬಜರಿನ ವೈರ್ ಎಲ್ಲ ಎಳೆದು ನೋಡಿದ. ಆಮೇಲೆ ಬಗ್ಗಿ ನನ್ನ ಬ್ರೇಕನ್ನು ಕೈಯಿಂದ ಒತ್ತಿದ. ಕಿರ್. ಮತ್ತೆ ಒತ್ತಿದ. ಕಿರ್.

"ಚೆನ್ನಾಗೇ ಇದ್ಯಲ್ಲ ಮೇಡಂ."

"ನಾನು ಒತ್ತಿದ್ರೆ ಬರಲ್ಲ."

"ಹಾಗಾದ್ರೆ ಕೂತು ಒತ್ತಿ, ನೋಡೋಣ."

ಕೂತೆ. ಒತ್ತಿದೆ. ಸದ್ದಿಲ್ಲ. "ನೋಡಿದ್ಯಾ?" ಎಂದೆ, ಗೆದ್ದವಳ ಹಾಗೆ. ಅವನು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೆಳಗೆ ನೋಡಿದ. ಟಾರ್ಚ್ ಹಾಕಿ ಮತ್ತೆ ನೋಡಿದ.

"ಮೇಡಂ, ನಿಮ್ಮ ಕಾಲು ಪೆಡಲ್ ಮೇಲೆ ಇಲ್ಲ."

ಬಗ್ಗಿ ನೋಡಿದೆ. ನನ್ನ ಕಾಲು ಪೆಡಲಿನ ಪಕ್ಕದಲ್ಲಿ, ರಬ್ಬರ್ ಚಾಪೆಯನ್ನು ಒತ್ತುತ್ತಾ ಕೂತಿತ್ತು. ದೇವರಾಣೆ, ಪೆಡಲ್ ಮೇಲೇ ಇದೆ ಎಂದುಕೊಂಡಿದ್ದೆ. ಅವನು ನನ್ನ ಪಾದವನ್ನು ಎತ್ತಿ ಪೆಡಲ್ ಮೇಲೆ ಇಟ್ಟ. ಇಟ್ಟಿದ್ದೂ ನನಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತು ಅಷ್ಟೇ. "ಈಗ ಒತ್ತಿ." ಕಿರ್.

ನಿನ್ನೆ ಆ ಮುದುಕನನ್ನು ಉಳಿಸಿದ್ದು ಅಂಚೆಯವಳು. ನಾನು ಚಾಪೆ ಒತ್ತುತ್ತಿದ್ದೆ. ಅವಳು ಒಂದು ಕ್ಷಣ ತಡ ಮಾಡಿದ್ದರೆ? ಮೆಕ್ಯಾನಿಕ್ ಹತ್ತಿರಕ್ಕೂ ಇವತ್ತು ನಾನೇ ಓಡಿಸಿಕೊಂಡು ಹೋಗಿದ್ದೆ. ಬೀಗದ ಕೈ ಅವನ ಮೇಜಿನ ಮೇಲೆ ಇಟ್ಟು, ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಬಂದೆ, ಪ್ರತಿ ಹೆಜ್ಜೆಗೂ ಕಾಲನ್ನೇ ನೋಡುತ್ತಾ.

ಇವರು ಕಿಟಕಿ ಹತ್ತಿರ ಕೂತು ಮೇಲಿನ ದವಡೆಯ ಸೆಟ್ ಉಜ್ಜುತ್ತಿದ್ದರು. ನನ್ನನ್ನು ನೋಡಿದವರೇ, "ಒಂದು ವಿಷಯ ಹೇಳ್ಬೇಕು ಅಂತಿದ್ದೆ. ನಗಬಾರ್ದು," ಎಂದರು.

"ಏನು?"

"ಮೂರು ವಾರ ಆಯ್ತು, ನನ್ನ ಪಾಠದಲ್ಲಿ ಒಂದೇ ಒಂದು ಕಿರ್ ಬಂದಿಲ್ಲ. ನಿನ್ನ ಲೆಕ್ಕದಲ್ಲಿ ಒಂದು ವಾರ ಸಾಕು. ನೀನಾಗೇ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಪರೀಕ್ಷೆಗೆ ಕಟ್ಲಾ?"

ಸಿಳ್ಳೆಯ ಕಾರಣ ಇದು. ನಾನು ಸುಮ್ಮನಿದ್ದುಬಿಡಬಹುದಿತ್ತು. ಆ ಮುಖ ನೋಡಿದರೆ ಯಾರಿಗಾದರೂ ಸುಮ್ಮನಿರೋಣ ಎನಿಸುತ್ತದೆ. ಆದರೆ ಬಾಯಿ ತಾನಾಗಿ ತೆರೆಯಿತು.

"ನಾನು ಒತ್ತಿದ್ದೆ. ಪ್ರತಿ ಸಲ ಒತ್ತಿದ್ದೆ. ಕಾಲಿಗೆ ಪೆಡಲ್ ಸಿಕ್ತಿರ್ಲಿಲ್ಲ. ನನ್ನ ಪಾದ ಸತ್ತಿದೆ."

ಉಜ್ಜುವ ಕೈ ನಿಂತಿತು. "ಅಂದ್ರೆ ಇಷ್ಟು ದಿನ ದೊಡ್ಡ ರಸ್ತೇಲಿ ನಾನೊಬ್ಬನೇ ಓಡಿಸ್ತಿದ್ನಾ?"

"ಹೂಂ."

ಸೆಟ್ಟನ್ನು ಮೇಜಿನ ಮೇಲೆ ಇಟ್ಟರು. ಕುರ್ಚಿಗೆ ಒರಗಿದರು. ನಗುತ್ತಾರೆ ಎಂದುಕೊಂಡೆ. ಇವರು ಸಿಟ್ಟಾದರು. ನಡುರಸ್ತೆಯಲ್ಲಿ ಇಳಿದು ಹೋದ ದಿನ ಬಿಟ್ಟರೆ ನಾನು ಇವರ ಸಿಟ್ಟು ಕಂಡಿಲ್ಲ.

"ನನ್ನ ಕಥೆ ಹಾಳಾಗ್ಲಿ. ಊರಿನ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿದ್ಯಲ್ಲ. ಚಪ್ಪಲಿ ಬಿದ್ದ ದಿನವೇ ನನಗೆ ಅನುಮಾನ ಬಂದಿತ್ತು. ಕೇಳಿದ್ರೆ ಕಚ್ಚೋಕೆ ಬರ್ತೀಯ ಅಂತ ಸುಮ್ಮನಿದ್ದೆ. ಆಸ್ಪತ್ರೇಲಿ ಯಾಕೆ ಹೇಳ್ಲಿಲ್ಲ?"

"ಡೋಸ್ ಇಳಿಸ್ತಾರೆ. ಇಳಿಸಿದ್ರೆ ಅದು ಮತ್ತೆ ಬರತ್ತೆ. ನನಗೆ ಸಾಯೋಕೆ ಇಷ್ಟ ಇಲ್ಲ."

ಆ ಮಾತನ್ನು ಈವರೆಗೆ ಜೋರಾಗಿ ಆಡಿರಲಿಲ್ಲ. ಆಡಿದ ಮೇಲೆ ಅಳು ಬಂತು. ಇವರು ಎದ್ದು ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಚೀಲ ಇರಲಿಲ್ಲ.

ಜೂನ್ ೧೩, ಶುಕ್ರವಾರ

ಅಂಚೆಯವಳಿಗೆ ಫೋನ್ ಮಾಡಿ ನಿಜ ಹೇಳಿದೆ. "ಅಂದ್ರೆ ಆ ಬ್ರೇಕ್ ನಾನೇ ಹಾಕಿದ್ದಾ?" ಎಂದಳು. ಹೌದು ಎಂದೆ. ಆಮೇಲೆ, "ಮೇಡಂ, ನೀವು ಹುಷಾರಾಗಿರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೧೬, ಸೋಮವಾರ

ಟ್ಯಾಕ್ಸಿಯಲ್ಲಿ ಹೋದೆವು. ದೊಡ್ಡ ನರ್ಸ್ ಪ್ರಶ್ನೆ ಶುರು ಮಾಡುವ ಮೊದಲೇ ಎಲ್ಲ ಒದರಿದೆ: ಸಾಕ್ಸ್, ಚಪ್ಪಲಿ, ಚಾಪೆ, ಮುದುಕ. ಅವರು ನನ್ನ ಶೂ ಬಿಚ್ಚಿಸಿ, ಕಣ್ಣು ಮುಚ್ಚಿ ಎಂದು ಹತ್ತಿಯಿಂದ ಮುಟ್ಟಿದರು.

"ಯಾವ ಬೆರಳು?"

"ಯಾವಾಗ ಮುಟ್ತೀರ ಹೇಳಿ," ಎಂದೆ.

"ಆಗ್ಲೇ ಐದೂ ಮುಟ್ಟಾಯ್ತು."

ಡಾಕ್ಟರ್ ಬಂದು ನೋಡಿದರು. ಇವತ್ತಿನ ಡೋಸ್ ಇಳಿಸಿದರು. ನಾನು ಹೆದರಿದ್ದು ಆಗಿಯೇ ಹೋಯಿತು. ಅವರು ಹೊರಟ ಮೇಲೆ ದೊಡ್ಡ ನರ್ಸ್ ಸ್ಟೂಲ್ ಎಳೆದುಕೊಂಡು ಕೂತರು.

"ಇಳಿಸೋದೂ ಚಿಕಿತ್ಸೆನೇ. ನಿಮ್ಮ ಥರ ಎಷ್ಟೋ ಜನಕ್ಕೆ ಇಳಿಸಿದ್ದೀವಿ. ನೀವು ಬಾಯಿ ಮುಚ್ಕೊಂಡೇ ಇದ್ದಿದ್ರೆ ಕಾಲು ಪೂರ್ತಿ ಹೋಗ್ತಿತ್ತು, ಆಗ ನಾವು ಔಷಧೀನೇ ನಿಲ್ಲಿಸ್ಬೇಕಾಗ್ತಿತ್ತು. ಅದು ಬೇಕಿತ್ತಾ?"

"ಹೋದ ಸಲ ನಾನು ಸುಳ್ಳು ಹೇಳಿದ್ದು ನಿಮಗೆ ಗೊತ್ತಾಗಿತ್ತಾ?"

"ಅನುಮಾನ ಬಂತು. 'ಎಲ್ಲ ಚೆನ್ನಾಗಿದೆ' ಅನ್ನೋರು ಕಿಟಕಿ ನೋಡ್ತಾರೆ. ಇನ್ನೊಂದು ಸಲ ಕೆದಕಿ ಕೇಳ್ಬೇಕಿತ್ತು ನಾನು."

ನನ್ನ ಕೆಲಸಕ್ಕೆ ಸರಿಯಾದ ಹೆಂಗಸು.

ಪಾಠವೂ ಹೇಳಿದರು. ದಿನಾ ಪಾದ ನೋಡಿಕೊಳ್ಳಬೇಕು, ಗಾಯವಾದರೂ ಗೊತ್ತಾಗುವುದಿಲ್ಲ. ಸ್ನಾನದ ನೀರನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಮನೆಯಲ್ಲಿ ಜಾರುವ ಚಾಪೆ ಇರಬಾರದು, ಒಳಗೂ ಶೂ ಹಾಕಿಕೊಳ್ಳಬೇಕು. ಗಾಡಿ ಓಡಿಸಬಾರದು, ಕಲಿಸಲೂಬಾರದು.

"ವಾಪಸ್ ಬರತ್ತಾ?"

"ತುಂಬ ಜನಕ್ಕೆ ಬರತ್ತೆ, ತಿಂಗಳುಗಟ್ಟಲೆ ಹಿಡಿಯತ್ತೆ. ಪೂರ್ತಿ ಬರತ್ತೆ ಅಂತ ಬರೆದು ಕೊಡಲ್ಲ."

ಜೂನ್ ೨೮, ಶನಿವಾರ

ದಿನಾ ಸಂಜೆ ಟೀ ಆದ ಮೇಲೆ ಪಾದದ ತಪಾಸಣೆ. ಇವರು ಹಲ್ಲಿನ ಕೆಲಸದ ಕನ್ನಡಕ ಏರಿಸಿ, ಹಣೆಗೆ ದೀಪ ಕಟ್ಟಿಕೊಂಡು, ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದು ಬೆರಳನ್ನೂ ತಿರುಗಿಸಿ ನೋಡುತ್ತಾರೆ. ಉಗುರಿಗೆ ಅರ ಹಾಕುತ್ತಾರೆ. ಇಬ್ಬರು ಗಿರಾಕಿಗಳು ನೋಡಿಬಿಟ್ಟು, ಇವರು ಈಗ ಕಾಲಿಗೂ ಹಲ್ಲು ಕಟ್ಟುತ್ತಾರಾ ಎಂದು ಕೇಳಿದರಂತೆ.

ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನವನ ಹತ್ತಿರ ಹೋದೆ. ಅವನಿಗೆ ನಾನು ಇಟ್ಟ ಹೆಸರು ಹಾರ್ನ್. ಅವನ ಬಗ್ಗೆ ಈ ಊರಲ್ಲಿ ನಾನು ಆಡದ ಮಾತಿಲ್ಲ. ನನ್ನ ಹತ್ತಿರ ಕಲಿಯುವ ಹುಡುಗಿಯರನ್ನೂ ಅಂಚೆಯವಳನ್ನೂ ನೋಡಿಕೊಳ್ಳುತ್ತೀಯಾ ಎಂದು ಅವನನ್ನೇ ಕೇಳಿದೆ. ಅವನು ಅದೇನು ಮಹಾ ಎಂಬಂತೆ, "ಹಳದಿಯಲ್ಲೇ ಕಲಿಸ್ತೀನಿ, ಅವ್ರಿಗೆ ಅದೇ ಅಭ್ಯಾಸ. ನೀವು ಬರೋವರೆಗೆ," ಎಂದ. ನೀವು ಬರುವವರೆಗೆ ಎಂದನಲ್ಲ, ಅದನ್ನು ಮನೆಗೆ ಬರುವ ದಾರಿಯಲ್ಲೆಲ್ಲ ನೆನೆಸಿಕೊಂಡೆ.

ಇವರೂ ಅವನ ಹತ್ತಿರವೇ ಹೋಗುತ್ತಾರೆ. ನಿನ್ನೆ ಅವನು ನನ್ನನ್ನು ತಡೆದು ಕೇಳಿದ, "ನಿಮ್ಮ ಯಜಮಾನ್ರಿಗೆ ಯಾರು ಕಲಿಸಿದ್ದು? ಇಷ್ಟು ಸಲ ಕನ್ನಡಿ ನೋಡೋರನ್ನ ನಾನು ನೋಡೇ ಇಲ್ಲ. ನನ್ನ ಬ್ರೇಕ್‌ಗೆ ಕೆಲಸವೇ ಇಲ್ಲ."

ಮನೆಗೆ ಬಂದು ಇವರಿಗೆ ಹೇಳಲಿಲ್ಲ. ತಲೆ ತಿರುಗೀತು. ರಾತ್ರಿ ಊಟದ ಹೊತ್ತಿಗೆ ಹೇಳಿಬಿಟ್ಟೆ.

ಜುಲೈ ೩, ಗುರುವಾರ

ಅಂಚೆಯವಳು ಪಾಸು. ಇವರೂ ಪಾಸು. ಪರೀಕ್ಷೆಯವನು ಇಳಿಯುವಾಗ ಇವರು ಅವನಿಗೂ ಗಾಡಿಗೂ ಥ್ಯಾಂಕ್ಸ್ ಹೇಳಿದರಂತೆ.

ಜುಲೈ ೭, ಸೋಮವಾರ

ಕೊನೆಯ ಡ್ರಿಪ್ ಮುಗಿಯಿತು, ಇಳಿಸಿದ ಡೋಸಿನದು. ದೊಡ್ಡ ನರ್ಸ್ ಮತ್ತೆ ಹತ್ತಿಯಿಂದ ಮುಟ್ಟಿದರು. ಹೆಬ್ಬೆರಳು ಮುಟ್ಟಿದಾಗ ಏನೋ ಆದ ಹಾಗಾಯಿತು. ಆಸೆಗೆ ಹಾಗೆ ಅನಿಸಿತೋ ಏನೋ, ಅದನ್ನೂ ಅವರಿಗೆ ಹೇಳಿದೆ. "ನೋಡೋಣ," ಎಂದರು. ಸಾಕು.

ಹಳದಿಯಲ್ಲಿ ವಾಪಸು ಬಂದೆವು. ನಮ್ಮ ಡ್ರೈವರ್ ಬಲಗಡೆಗೆ, ನಾನು ನನ್ನ ಜಾಗಕ್ಕೆ. ಹೊರಡುವ ಮೊದಲು ಕೆಳಗೆ ನೋಡಿದೆ. ನನ್ನ ಬ್ರೇಕ್ ಅಲ್ಲಿತ್ತು, ಇಷ್ಟು ವರ್ಷ ನನ್ನ ಶೂ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಅದರ ಮೇಲೆ ಕಾಲಿಟ್ಟು ಏನು ಮಾಡುವುದು? ಶೂ ಬಿಚ್ಚಿ, ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತೆ. ಅಷ್ಟು ಹಾಯಾದ ಸೀಟು ಎಂದು ನನಗೆ ಗೊತ್ತೇ ಇರಲಿಲ್ಲ. ವಿಗ್ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಗೇಟು ದಾಟಿದ್ದು ನೆನಪಿದೆ.

ಕಣ್ಣು ಬಿಟ್ಟರೆ ನಮ್ಮ ಮನೆ ಮುಂದೆ ಇದ್ದೇವೆ. ಎಂಜಿನ್ ಆಫ್ ಆಗಿದೆ. ಇವರು ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದಾರೆ.

"ಎಷ್ಟು ಹೊತ್ತಾಯ್ತು ಬಂದು?"

"ಈಗಷ್ಟೇ."

ಈಗಷ್ಟೇ ಏನಲ್ಲ. ಮರದ ನೆರಳು ಆಗಲೇ ಬಾನೆಟ್ ದಾಟಿ ಆಚೆಗೆ ಹೋಗಿತ್ತು.

ದಾರಿಯುದ್ದಕ್ಕೂ ಕನ್ನಡಿ ನೋಡಿದ್ರಾ ಎಂದು ಕೇಳುವುದೇ ಮರೆತಿತ್ತು. ಅದರ ಬದಲು ಬೇರೆ ಕೇಳಿದೆ, "ಯಾರಾದ್ರೂ ಅಡ್ಡ ಬಂದ್ರಾ?"

"ಬಂದ್ರು, ಮೂರ್ನಾಲ್ಕು ಜನ. ನಿಲ್ಲಿಸ್ದೆ."

ನನಗೆ ಎಚ್ಚರವೇ ಆಗಿರಲಿಲ್ಲ.